ಸಾಲು ಮತ್ತು ಕಾವ್ಯ: ಡೋರೆಮಾನ್‌ನ ಟಿ.ವಿ. ಕಂತುಗಳು ಹಾಗೂ ಚಲನಚಿತ್ರಗಳು

ಮಕ್ಕಳು ಮೆಚ್ಚಿದ ಟಿ.ವಿ. ಕಾರ್ಟೂನೊಂದು ಚಲನಚಿತ್ರವಾಗಿ ಬಂದಾಗ ವಿಮರ್ಶೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಹತ್ತು ನಿಮಿಷದಲ್ಲಿ ಹಿಡಿಸುತ್ತಿದ್ದ ಕಥೆ ತೊಂಬತ್ತು ನಿಮಿಷಕ್ಕೆ ಹಿಗ್ಗಿದಾಗಲೂ ಹಿಡಿಸೀತೆ? ಪ್ರಶ್ನೆ ಸರಳವಾಗಿ ಕಂಡರೂ ಅದರೊಳಗೆ ಒಂದು ನಂಬಿಕೆ ಅಡಗಿದೆ. ಕಂತು ಎಂಬುದು ತುಣುಕು, ಚಲನಚಿತ್ರ ಎಂಬುದು ಇಡಿಯಾದ ಕೃತಿ. ತುಣುಕಿನಲ್ಲಿ ಸಾಧ್ಯವಾಗದ ಪೂರ್ಣತೆ ಇಡಿಯಲ್ಲಿ ಸಿದ್ಧಿಸಬೇಕು ಎಂಬುದೇ ಆ ನಂಬಿಕೆ. ಕನ್ನಡ ಜಾನಪದ ಅಧ್ಯಯನಕ್ಕೆ ಇದು ಹೊಸ ತೊಡಕಲ್ಲ. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರು ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಸಂದರ್ಭಕ್ಕೆ ಒದಗುವ ಒಂದೋ ಎರಡೋ ಸಾಲುಗಳನ್ನು ಎತ್ತಿಕೊಳ್ಳುತ್ತಾರೆ. ಕೇಳುಗನಿಗೆ ಆ ರಾತ್ರಿಗೆ ಆ ಸಾಲೇ ಕಾವ್ಯ. ಎಲ್ಲ ಸಾಲುಗಳನ್ನೂ ಜೋಡಿಸಿ, ಆದಿ ಅಂತ್ಯಗಳನ್ನು ಹೊಂದಿಸಿ 'ಮಹಾಕಾವ್ಯ'ವೆಂದು ಅಚ್ಚು ಹಾಕಿದವರು ವಿದ್ವಾಂಸರು. ಆ ಕೆಲಸದ ಉಪಕಾರ ದೊಡ್ಡದು. ಆದರೆ ಅಚ್ಚಾದ ಮಹಾಕಾವ್ಯವನ್ನು ಅಳತೆಗೋಲಾಗಿ ಹಿಡಿದು, ಒಂದು ರಾತ್ರಿಯ ಸಾಲನ್ನು ಅದರ ಕೊರತೆಯಾಗಿ ನೋಡಿದ್ದು ದಿಕ್ಕು ತಪ್ಪಿದ ವಿಮರ್ಶೆ. ಟಿ.ವಿ. ಕಾರ್ಟೂನು ಹಾಗೂ ಚಲನಚಿತ್ರಗಳ ಚರ್ಚೆಯಲ್ಲಿ ಅದೇ ತಪ್ಪು ಇನ್ನೊಂದು ವೇಷದಲ್ಲಿ ಬಂದಿದೆ.

ಈ ವಿಚಾರವನ್ನು ಪರೀಕ್ಷಿಸಲು ಜಪಾನಿನ 'ಡೋರೆಮಾನ್'ಗಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಿಂದ ಬರೆದ ಹಿರೋಶಿ ಫುಜಿಮೊಟೊ (1933-1996) ಇದನ್ನು ಚಿತ್ರಕಥೆಯಾಗಿ ಆರಂಭಿಸಿದ್ದು 1970ರ ಜನವರಿ ಸಂಚಿಕೆಗಳಲ್ಲಿ. ಅದೂ ಬೇರೆ ಬೇರೆ ವಯಸ್ಸಿನ ಮಕ್ಕಳಿಗಾಗಿ ಒಂದೇ ಪ್ರಕಾಶನ ಸಂಸ್ಥೆ ಹೊರಡಿಸುತ್ತಿದ್ದ ಆರು ಪತ್ರಿಕೆಗಳಲ್ಲಿ ಏಕಕಾಲಕ್ಕೆ. 1973ರಲ್ಲಿ ಬಂದ ಮೊದಲ ಟಿ.ವಿ. ರೂಪ ಆರು ತಿಂಗಳಲ್ಲಿ ನಿಂತುಹೋಯಿತು. 1979ರ ಏಪ್ರಿಲ್‌ನಲ್ಲಿ ಟಿ.ವಿ. ಅಸಾಹಿ ವಾಹಿನಿಯಲ್ಲಿ ಮತ್ತೆ ಹೊರಟದ್ದು ನಿಲ್ಲಲಿಲ್ಲ. 2005ರಲ್ಲಿ ಧ್ವನಿ ಕಲಾವಿದರೆಲ್ಲ ಬದಲಾಗುವವರೆಗೆ ಆ ಆವೃತ್ತಿಯೊಂದರಲ್ಲೇ 1,700ಕ್ಕೂ ಮೀರಿದ ಕಂತುಗಳಾದವು. ಮೊದಲ ಚಲನಚಿತ್ರ 'ನೊಬಿತಾನ ಡೈನೋಸಾರ್' ತೆರೆ ಕಂಡದ್ದು 1980ರ ಮಾರ್ಚ್‌ನಲ್ಲಿ. ಅಲ್ಲಿಂದಾಚೆಗೆ ವರ್ಷಕ್ಕೊಂದು ಚಿತ್ರ ಎಂಬುದು ವಾಡಿಕೆಯೇ ಆಗಿಹೋಯಿತು. ಒಂದೇ ಪಾತ್ರವರ್ಗ ಎರಡು ಮಾಧ್ಯಮಗಳಲ್ಲಿ ಇಷ್ಟು ದೀರ್ಘಕಾಲ ಅಕ್ಕಪಕ್ಕದಲ್ಲಿ ನಡೆದುಬಂದ ನಿದರ್ಶನಗಳು ವಿರಳ.

ಮೊದಲು ಕಂತಿನ ಸಂರಚನೆಯನ್ನು ಗಮನಿಸಬೇಕು. ನೊಬಿತಾ ಓದಿನಲ್ಲಿ ಹಿಂದೆ, ಆಟದಲ್ಲಿ ಹಿಂದೆ, ಅಳುವುದರಲ್ಲಿ ಮಾತ್ರ ಮುಂದೆ. ಜಿಯಾನ್ ಹೊಡೆಯುತ್ತಾನೆ, ಸುನಿಯೊ ಹಂಗಿಸುತ್ತಾನೆ. ಹುಡುಗ ಮನೆಗೆ ಓಡಿಬಂದು ಭವಿಷ್ಯದಿಂದ ಬಂದ ಯಂತ್ರಬೆಕ್ಕಿನ ಮುಂದೆ ಗೋಳಾಡುತ್ತಾನೆ. ಬೆಕ್ಕು ಹೊಟ್ಟೆಯ ಮೇಲಿನ ಜೇಬಿನಿಂದ ಒಂದು ವಸ್ತುವನ್ನು ತೆಗೆದುಕೊಡುತ್ತದೆ. ವಸ್ತು ಮೊದಲು ಫಲಿಸುತ್ತದೆ, ನೊಬಿತಾನ ಆಸೆ ಅಳತೆ ಮೀರುತ್ತದೆ, ವಸ್ತು ತಿರುಗಿಬೀಳುತ್ತದೆ. ಜ್ಞಾಪಕದ ಬ್ರೆಡ್ಡಿನ ಕಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಪುಸ್ತಕದ ಪುಟದ ಮೇಲೆ ಬ್ರೆಡ್ಡಿನ ಚೂರನ್ನು ಒತ್ತಿ ತಿಂದರೆ ಪಾಠ ಬಾಯಿಪಾಠವಾಗುತ್ತದೆ. ನೊಬಿತಾ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾನೆ, ಹೊಟ್ಟೆ ಕೆಡುತ್ತದೆ, ಕಲಿತ ಪಾಠವೆಲ್ಲ ಬಂದ ದಾರಿಗಿಂತ ಬೇರೆ ದಾರಿಯಲ್ಲಿ ಹೊರಟುಹೋಗುತ್ತದೆ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಾಂತ್ರಿಕ ಕಥೆಗಳ ಕ್ರಿಯೆಗಳನ್ನು ವಿಂಗಡಿಸಿದಾಗ ಗುರುತಿಸಿದ 'ದಾನಿ' ಮತ್ತು 'ಮಾಂತ್ರಿಕ ವಸ್ತು' ಇಲ್ಲಿ ನಿತ್ಯದ ನೆಂಟರು. ಆದರೆ ಪ್ರಾಪ್‌ನ ನಾಯಕನಂತೆ ನೊಬಿತಾ ಆ ವಸ್ತುವನ್ನು ಹಿಡಿದು ದೂರದೇಶಕ್ಕೆ ಹೊರಡುವುದಿಲ್ಲ. ಆದ್ದರಿಂದ ಕಂತಿನ ನಿಜವಾದ ಸಂಬಂಧಿ ರಾಜಕುಮಾರನ ಸಾಹಸಕಥೆಯಲ್ಲ. ಬೇಡಿದ್ದನ್ನು ಕೊಡುವ ಮಡಕೆ, ತಾನಾಗಿ ಬಡಿಯುವ ಬಡಿಗೆ ಮುಂತಾದ, ಲೋಕದ ಉದ್ದಗಲಕ್ಕೂ ಕನ್ನಡದಲ್ಲೂ ಹೇರಳವಾಗಿ ಸಿಗುವ, ಆಸೆಬುರುಕನಿಗೆ ಬುದ್ಧಿ ಬರುವ ನಗೆಗಥೆ. ಬುದ್ಧಿ ಬಂತೆನ್ನುವುದೂ ಇಲ್ಲಿ ಹೆಚ್ಚಿನ ಮಾತೇ. ಮರುದಿನ ನೊಬಿತಾ ಮತ್ತೆ ಅಳುತ್ತಾ ಬರುತ್ತಾನೆ.

ಪುನರಾವರ್ತನೆಯನ್ನು ಜಡತೆ ಎಂದು ದೂರುವವರಿದ್ದಾರೆ. ಆದರೆ ಆರಂಭದ ವರ್ಷಗಳಲ್ಲಿ ಈ ಧಾರಾವಾಹಿ ವಾರದ ದಿನಗಳಲ್ಲಿ ಸಂಜೆ ಹತ್ತು ಹತ್ತು ನಿಮಿಷ ಪ್ರಸಾರವಾಗುತ್ತಿತ್ತು ಎಂಬುದನ್ನು ಮರೆಯಬಾರದು. ಮಲಗುವ ಮುನ್ನ ಅದೇ ಅಜ್ಜಿಯಿಂದ ಅದೇ ಬಗೆಯ ಕಥೆ ಕೇಳುವ ಮಗುವಿಗೆ ಮುಂದೇನು ಎಂಬ ಕುತೂಹಲಕ್ಕಿಂತ, ಈ ಸಲ ಹೇಗೆ ಎಂಬ ಕುತೂಹಲ ದೊಡ್ಡದು. ಮೌಖಿಕ ಕಥನದ ಸೂತ್ರಬದ್ಧತೆ ಕೆಲಸ ಮಾಡುವುದು ಹೀಗೆಯೇ. ಸ್ಥಿರವಾದ ಚೌಕಟ್ಟು ಇರುವುದರಿಂದಲೇ ಒಳಗಿನ ಸಣ್ಣ ಬದಲಾವಣೆ ಎದ್ದು ಕಾಣುತ್ತದೆ. ಡೋರೆಮಾನ್ ಕಂತಿನ ಪೂರ್ಣತೆ ಇರುವುದು ಈ ಚೌಕಟ್ಟಿನಲ್ಲಿ. ಅದಕ್ಕೆ ಚಲನಚಿತ್ರದ ಊರುಗೋಲು ಬೇಕಿಲ್ಲ.

ಹಾಗಾದರೆ ಚಲನಚಿತ್ರದ ಕೆಲಸವೇನು? ಉತ್ತರದ ಒಂದು ಎಳೆ ಪಂಚಾಂಗದಲ್ಲಿದೆ. ಜಪಾನಿನಲ್ಲಿ ಶಾಲಾವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ಡೋರೆಮಾನ್ ಚಿತ್ರ ಬರುವುದೂ ಆಗಲೇ. ಕಂತು ದಿನನಿತ್ಯದ್ದಾದರೆ ಚಿತ್ರ ವರ್ಷಾವಧಿಯದು. ಮನೆಮುಂದೆ ಬಂದು ಹಾಡಿಹೋಗುವ ಗುಡ್ಡನ ಪದಕ್ಕೂ ಶಿವರಾತ್ರಿಯಲ್ಲೋ ದೀಪಾವಳಿಯಲ್ಲೋ ಬೆಟ್ಟದ ಜಾತ್ರೆಯಲ್ಲಿ ನಡೆಯುವ ಹಾಡಿಕೆಗೂ ಇರುವ ಅಂತರ ಇದು. ಜಾತ್ರೆ ತಪ್ಪಿದ ವರ್ಷ ಜನ ನೆನಪಿಟ್ಟುಕೊಳ್ಳುವಂತೆ ಈ ಪಂಚಾಂಗ ತಪ್ಪಿದ ವರ್ಷಗಳೂ ದಾಖಲಾಗಿವೆ. ಕಲಾವಿದರು ಬದಲಾದ 2005ರಲ್ಲಿ ಚಿತ್ರ ಬರಲಿಲ್ಲ. ಸಾಂಕ್ರಾಮಿಕದ 2020ರಲ್ಲಿ ಮಾರ್ಚ್‌ನ ಚಿತ್ರ ಆಗಸ್ಟ್‌ಗೆ ಹೋಯಿತು, ಮರುವರ್ಷದ್ದು 2022ಕ್ಕೆ ಜಾರಿತು. ನಿತ್ಯದ ನಿಯಮಗಳನ್ನು ಒಮ್ಮೆ ಸಡಿಲಿಸಿ ನೋಡುವ ಅವಕಾಶ ಜಾತ್ರೆಗೆ ಇರುತ್ತದೆ. ಡೋರೆಮಾನ್‌ನ ಒಳ್ಳೆಯ ಚಿತ್ರಗಳು ಮಾಡಿರುವುದೂ ಅದನ್ನೇ. ಅವು ಕಥೆಯನ್ನು ಉದ್ದ ಮಾಡುವ ಬದಲು ಜೇಬಿಗೆ ಕೈ ಹಾಕುತ್ತವೆ.

'ನೊಬಿತಾನ ಡೈನೋಸಾರ್' ಮೂಲದಲ್ಲಿ 1975ರ ಒಂದು ಸಣ್ಣ ಕಥೆ. ಸುನಿಯೊ ತನ್ನಲ್ಲಿರುವ ಪಳೆಯುಳಿಕೆಯನ್ನು ತೋರಿಸಿ ಜಂಭಪಟ್ಟಾಗ ನೊಬಿತಾ ಇಡೀ ಡೈನೋಸಾರನ್ನೇ ಹುಡುಕಿ ತರುತ್ತೇನೆ, ಇಲ್ಲವಾದರೆ ಮೂಗಿನಿಂದ ಸ್ಪಗೆಟ್ಟಿ ತಿನ್ನುತ್ತೇನೆ ಎಂದು ಪಂಥ ಕಟ್ಟುತ್ತಾನೆ. ಅಗೆದು ತೆಗೆದ ಕಲ್ಲು ಮೊಟ್ಟೆಯಾಗಿರುತ್ತದೆ. ಕಾಲವನ್ನು ಹಿಂದಕ್ಕೆ ತಿರುಗಿಸುವ ಬಟ್ಟೆಯನ್ನು ಹೊದಿಸಿ, ತನ್ನ ಹಾಸಿಗೆಯಲ್ಲಿ ಕಾವು ಕೊಟ್ಟು ಅವನು ಮರಿ ಮಾಡುತ್ತಾನೆ. ಪೀಸುಕೆ ಎಂದು ಹೆಸರಿಟ್ಟ ಆ ಮರಿ ಮನೆಯಲ್ಲಿ ಅಡಗಿಸಿಡಲಾರದಷ್ಟು ಬೆಳೆದಾಗ ಅದನ್ನು ಅದರ ಕಾಲದ ಸಮುದ್ರಕ್ಕೆ ಬಿಟ್ಟುಬರುತ್ತಾನೆ. (ಆ ಪ್ರಾಣಿ ಕಟ್ಟುನಿಟ್ಟಾಗಿ ಹೇಳಿದರೆ ಡೈನೋಸಾರ್ ಅಲ್ಲ, ಪ್ಲೀಸಿಯೊಸಾರ್ ಎಂಬ ಕಡಲ ಸರೀಸೃಪ. 1968ರಲ್ಲಿ ಫುಕುಶಿಮಾದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಪತ್ತೆಮಾಡಿದ ಪಳೆಯುಳಿಕೆ ಇದರ ಮಾದರಿ. ಹುಡುಗನೊಬ್ಬ ನೆಲ ಅಗೆದು ಅದ್ಭುತವನ್ನು ತೆಗೆಯುವ ಆಶಯಕ್ಕೆ ವಿಜ್ಞಾನದ ಇತಿಹಾಸವೇ ಬೆಂಬಲವಾಗಿ ನಿಂತಿದೆ.) ಸಣ್ಣ ಕಥೆ ಬೀಳ್ಕೊಡುಗೆಯಲ್ಲಿ ಮುಗಿಯುತ್ತದೆ. ಚಲನಚಿತ್ರ ಆ ಬೀಳ್ಕೊಡುಗೆಯ ನಂತರದಿಂದ ತನ್ನ ದಾರಿ ಹಿಡಿಯುತ್ತದೆ. ಪೀಸುಕೆಯನ್ನು ಬಿಟ್ಟದ್ದು ತಪ್ಪು ಕಡಲಿಗೆ ಎಂದು ತಿಳಿಯುತ್ತದೆ. ಮಕ್ಕಳು ಮರಳಿ ಹೋಗುತ್ತಾರೆ. ಕಾಲಯಂತ್ರ ಕೆಟ್ಟಿರುತ್ತದೆ. ಅಮೆರಿಕೆಯ ನೆಲದಿಂದ ಜಪಾನಿನ ನೆಲದವರೆಗೆ, ಕೋಟ್ಯಂತರ ವರ್ಷಗಳ ಹಿಂದಿನ ಭೂಮಿಯ ಮೇಲೆ, ತಾವೇ ಸಾಗಬೇಕು. ತಲೆಗೆ ಸಿಕ್ಕಿಸಿಕೊಂಡು ಹಾರುವ ಪುಟ್ಟ ರೆಕ್ಕೆಯ ಬ್ಯಾಟರಿ ದಿನದಿಂದ ದಿನಕ್ಕೆ ಇಳಿಯುತ್ತಿದೆ.

ಇಲ್ಲಿ ಆದದ್ದು ಸರಳ, ಆದರೆ ಮಹತ್ವದ್ದು. ಕಂತಿನಲ್ಲಿ ವಸ್ತು ಅಕ್ಷಯ, ಹುಡುಗನ ಸಂಯಮ ಮಾತ್ರ ಸಾಲದು. ಚಿತ್ರದಲ್ಲಿ ವಸ್ತುವೇ ಬತ್ತುತ್ತದೆ, ಹುಡುಗನಲ್ಲಿ ಏನಿದೆಯೋ ಅದು ಹೊರಬರಬೇಕಾಗುತ್ತದೆ. ಜಿಯಾನ್ ಹಾರಲಾರದೆ ಆಪತ್ತಿನಲ್ಲಿದ್ದಾಗ ನೊಬಿತಾ ಅವನ ಕೈ ಹಿಡಿದವನು ಬಿಡುವುದಿಲ್ಲ. ಮುಂದೆ, ಪೀಸುಕೆಯನ್ನು ಒಪ್ಪಿಸಿದರೆ ಎಲ್ಲರನ್ನೂ ಮನೆಗೆ ಮುಟ್ಟಿಸುತ್ತೇವೆ ಎಂದು ಭವಿಷ್ಯದ ಬೇಟೆಗಾರರು ಆಮಿಷ ಒಡ್ಡಿದಾಗ, ನಡೆದೇ ಹೋಗೋಣ ಎಂದು ನೊಬಿತಾನ ಪಕ್ಷಕ್ಕೆ ನಿಲ್ಲುವವನು ಜಿಯಾನ್. ಅವನಿಗೆ ಆ ಹಿಡಿದ ಕೈ ನೆನಪಿದೆ. ಟಿ.ವಿ.ಯ ಜಿಯಾನ್ ಪುಂಡ, ಚಲನಚಿತ್ರದ ಜಿಯಾನ್ ಗೆಳೆಯ ಎಂಬುದು ಜಪಾನಿನ ಮಕ್ಕಳಲ್ಲಿ ಗಾದೆಯಷ್ಟು ಹಳೆಯ ಮಾತು. ಇದನ್ನು ಪಾತ್ರಪೋಷಣೆಯ ಅಸಾಂಗತ್ಯವೆಂದು ಎಣಿಸುವುದು ಕಾದಂಬರಿಯ ಮಾನದಂಡ. ಯಕ್ಷಗಾನದ ಪ್ರೇಕ್ಷಕನಿಗೆ ಈ ತೊಡಕೇ ಇಲ್ಲ. ಬಕವಧೆಯಲ್ಲಿ ಗಾಡಿ ಅನ್ನವನ್ನು ಉಣ್ಣುವ ಭೀಮನೂ ಗದಾಪರ್ವದ ಭೀಮನೂ ಒಬ್ಬನೇ ಎಂದು ಅವನು ಬಲ್ಲ. ಪ್ರಸಂಗ ಬದಲಾದಂತೆ ಪಾತ್ರದ ಬೇರೆ ಮುಖ ಬೆಳಕಿಗೆ ಬರುವುದೂ ಅವನಿಗೆ ಸಹಜ. ಗಮನಿಸಬೇಕಾದದ್ದು ಇನ್ನೊಂದಿದೆ. ಚಿತ್ರ ಮುಗಿದ ಮೇಲಿನ ಟಿ.ವಿ. ಕಂತುಗಳು ಅದೇ ಅಳುಬುರುಕ ನೊಬಿತಾನಿಂದ, ಅದೇ ಮುಷ್ಟಿಯ ಜಿಯಾನ್‌ನಿಂದ ಹೊರಡುತ್ತವೆ. ಪಡೆದ ಧೈರ್ಯವನ್ನು ಯಾರೂ ಮನೆಗೆ ಹೊತ್ತು ತಂದಿಲ್ಲ. ಆದರೆ ಚಿತ್ರ ನೋಡಿದ ಮಗುವಿಗೆ ಅದು ಗೊತ್ತು, ಮುಂದಿನ ಕಂತಿನಲ್ಲಿ ಜಿಯಾನ್ ಎತ್ತಿದ ಕೈಯನ್ನು ಅದು ಬೇರೆ ಕಣ್ಣಿನಿಂದ ನೋಡುತ್ತದೆ.

1984ರ ಚಿತ್ರ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ನೊಬಿತಾ 'ಹೀಗಿದ್ದಿದ್ದರೆ' ಎಂದು ಹೇಳಿದ್ದೆಲ್ಲವನ್ನೂ ನಿಜ ಮಾಡುವ ದೂರವಾಣಿ ಪೆಟ್ಟಿಗೆಯ ಮೂಲಕ ಲೋಕವನ್ನೇ ಮಂತ್ರವಿದ್ಯೆಯ ಲೋಕವಾಗಿಸುತ್ತಾನೆ. ಟಿ.ವಿ. ಕಂತಾಗಿದ್ದರೆ ಪಟ್ಟ ಪಾಡಿನ ನಂತರ ಅದೇ ಪೆಟ್ಟಿಗೆಯಿಂದ ಎಲ್ಲವನ್ನೂ ಹಿಂದಿನಂತೆ ಮಾಡಿ ಮುಗಿಸಬಹುದಿತ್ತು. ಇಲ್ಲಿ ನೊಬಿತಾನ ತಾಯಿ ಆ ಪೆಟ್ಟಿಗೆಯನ್ನು ಕಸಕ್ಕೆ ಎಸೆದುಬಿಟ್ಟಿದ್ದಾಳೆ. ಕಂತಿನ ಅತ್ಯಂತ ಅಗತ್ಯವಾದ ಉಪಕರಣ, ಅಂದರೆ ಎಲ್ಲವನ್ನೂ ಮೊದಲಿನಂತಾಗಿಸುವ ಕೀಲಿ, ಒಬ್ಬ ಗೃಹಿಣಿಯ ಮನೆಗೆಲಸದಲ್ಲಿ ಕಳೆದುಹೋಗುತ್ತದೆ. ಇದಕ್ಕಿಂತ ಸೊಗಸಾದ ಯುಕ್ತಿ ಈ ಸರಣಿಯಲ್ಲಿ ಮತ್ತೊಂದಿಲ್ಲ. ಕೊನೆಗೆ ಡೋರೆಮಾನ್‌ನ ತಂಗಿ ಡೊರಾಮಿ ಮತ್ತೊಂದು ಪೆಟ್ಟಿಗೆಯನ್ನು ತಂದಾಗ ಬಿಡುಗಡೆ ಸಿಕ್ಕಿತೆನಿಸುತ್ತದೆ. ಆದರೆ ಅದನ್ನು ಬಳಸಿದರೆ ತಾವಷ್ಟೇ ಪಾರಾಗುತ್ತೇವೆ, ಆ ಲೋಕ ಮತ್ತು ಅಲ್ಲಿನ ಜನ ತಮ್ಮ ಪಾಡಿಗೆ ನಾಶದತ್ತ ಸಾಗುತ್ತಲೇ ಇರುತ್ತಾರೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಅವರು ಪೆಟ್ಟಿಗೆಯನ್ನು ಬಿಟ್ಟು ಹಿಂದಿರುಗಿ ಹೋಗುತ್ತಾರೆ. ಕಂತು ಎಂದೂ ಕೇಳದ ಪ್ರಶ್ನೆಯನ್ನು ಕೇಳಿದೆ ಈ ಚಿತ್ರ: ಎಲ್ಲವೂ ಮೊದಲಿನಂತಾಯಿತು ಎನ್ನುವಾಗ ಯಾರ ಪಾಲಿಗೆ ಆಗಲಿಲ್ಲ? ಟಿ.ವಿ. ಕಾರ್ಟೂನಿಗೆ ಚಲನಚಿತ್ರ ಸಲ್ಲಿಸಬಹುದಾದ ನಿಜವಾದ ಗೌರವ ಇಂಥದು. ಕಂತಿನ ನಿಯಮವನ್ನು ಅದು ಗೇಲಿ ಮಾಡಲಿಲ್ಲ, ಮುರಿದು ಎಸೆಯಲಿಲ್ಲ, ಅದಕ್ಕೆ ತೆರಬೇಕಾದ ಬೆಲೆಯನ್ನು ತೋರಿಸಿತು.

ಎಲ್ಲ ಸರಣಿಗಳಿಗೂ ಈ ಜಾಣ್ಮೆ ಒಲಿದಿಲ್ಲ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ 'ಛೋಟಾ ಭೀಮ್' 2008ರಿಂದ ಪೋಗೊ ವಾಹಿನಿಯಲ್ಲಿ ಮಕ್ಕಳ ಮನ ಗೆದ್ದದ್ದು ನ್ಯಾಯವಾಗಿಯೇ. ಬಕವಧೆಯ ಉಣ್ಣುವ ಭೀಮನನ್ನು ಲಾಡು ತಿಂದು ಬಲಗೊಳ್ಳುವ ಹಳ್ಳಿಹುಡುಗನಾಗಿ ಇಳಿಸಿದ ಕಲ್ಪನೆ ಅಚ್ಚ ಜನಪದದ್ದು. ಲಾಡು ಅಲ್ಲಿ ಹಾಡಿನ ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. 2012ರ ಮೇ ತಿಂಗಳಲ್ಲಿ, ಇಲ್ಲಿನ ಮಕ್ಕಳ ಬೇಸಿಗೆ ರಜೆಗೆ ಸರಿಯಾಗಿ, ದಮ್ಯಾನ್‌ನ ಶಾಪದ ಕಥೆ ಚಲನಚಿತ್ರವಾಗಿ ಬಂತು. ಶತ್ರು ಹಿರಿದಾದ, ಊರು ಸೊನಾಪುರವಾಯಿತು, ಕಾಲ ಸಾವಿರ ವರ್ಷ ಹಿಂದಕ್ಕೆ ಸರಿಯಿತು. ಆದರೆ ಭೀಮನಿಂದ ಏನನ್ನೂ ಕಿತ್ತುಕೊಳ್ಳುವ ಧೈರ್ಯ ಚಿತ್ರಕ್ಕೆ ಇಲ್ಲ. ಢೋಲಕ್‌ಪುರದಲ್ಲಿ ಅವನು ಯಾರಾಗಿದ್ದನೋ ಸೊನಾಪುರದಲ್ಲೂ ಅವನೇ. 2024ರಲ್ಲಿ ಅದೇ ಕಥೆಯನ್ನು ನಟನಟಿಯರನ್ನಿಟ್ಟು ಮತ್ತೆ ತೆಗೆದಾಗಲೂ ಕೊರತೆ ಇದ್ದಲ್ಲೇ ಇತ್ತು.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡ ಚಿತ್ರದ ಮಾತು. 2014ರ ಆಗಸ್ಟ್‌ನಲ್ಲಿ ತೆರೆಗೆ ಬಂದ 'ಸ್ಟ್ಯಾಂಡ್ ಬೈ ಮಿ ಡೋರೆಮಾನ್' ಕಂಪ್ಯೂಟರಿನಲ್ಲಿ ತ್ರಿಆಯಾಮವಾಗಿ ರೂಪಿಸಿದ ಕೃತಿ. ನಿರ್ದೇಶಕರು ತಕಾಶಿ ಯಮಾಜಾಕಿ ಮತ್ತು ರ‍್ಯೂಯಿಚಿ ಯಾಗಿ. ಜಪಾನಿನಲ್ಲೇ 800 ಕೋಟಿ ಯೆನ್ನಿಗೂ ಮೀರಿ ಗಳಿಸಿತು, ಜಪಾನ್ ಅಕಾಡೆಮಿಯ ಆ ವರ್ಷದ ಅನಿಮೇಷನ್ ಪ್ರಶಸ್ತಿಯನ್ನೂ ಪಡೆಯಿತು. ಒಂದು ಕಾಲದಲ್ಲಿ ಮಕ್ಕಳಾಗಿದ್ದವರೆಲ್ಲರಿಗೆ ಎಂಬರ್ಥದ ಪ್ರಚಾರದೊಂದಿಗೆ ಅದು ಬಂದದ್ದನ್ನು ಮರೆಯುವಂತಿಲ್ಲ. ಹೊಸ ಕಥೆ ಇಲ್ಲಿಲ್ಲ. ಡೋರೆಮಾನ್‌ನ ಆಗಮನ, ಶಿಜುಕಾಳೊಂದಿಗಿನ ವಿವಾಹದ ಭವಿಷ್ಯ, ಮದುವೆಯ ಹಿಂದಿನ ರಾತ್ರಿ, ಡೋರೆಮಾನ್‌ನ ಅಗಲಿಕೆ ಮತ್ತು ಮರಳುವಿಕೆ - ಹೀಗೆ ಬೇರೆ ಬೇರೆ ಕಾಲದಲ್ಲಿ ಬಿಡಿಬಿಡಿಯಾಗಿ ಬಂದ ಹೆಸರಾಂತ ಸಣ್ಣ ಕಥೆಗಳನ್ನು ಒಂದೇ ಸರಕ್ಕೆ ಪೋಣಿಸಲಾಗಿದೆ. ಸಾಲುಗಳನ್ನು ಕೂಡಿಸಿ ಮಹಾಕಾವ್ಯ ಮಾಡುವ ಸಂಪಾದಕನ ಕೆಲಸವನ್ನೇ ಯಮಾಜಾಕಿ ತಂಡ ಮಾಡಿದೆ. ಸರಕ್ಕೊಂದು ದಾರ ಬೇಕಲ್ಲ! ಅದಕ್ಕಾಗಿ ಮೂಲದಲ್ಲಿಲ್ಲದ ಒಂದು ಕಟ್ಟಳೆಯನ್ನು ಸೇರಿಸಲಾಗಿದೆ. ನೊಬಿತಾ ಸುಖಿಯಾಗುವವರೆಗೆ ಡೋರೆಮಾನ್ ಭವಿಷ್ಯಕ್ಕೆ ಹಿಂದಿರುಗುವಂತಿಲ್ಲ, ಸುಖಿಯಾದ 48 ಗಂಟೆಗಳೊಳಗೆ ಹಿಂದಿರುಗಲೇಬೇಕು; ಹಾಗೆಂದು ಅವನ ಯಂತ್ರದೊಳಗೇ ಆದೇಶ ಅಳವಡಿಸಲಾಗಿದೆ.

ಈ ದಾರವೇ ಮಣಿಗಳನ್ನು ಒಡೆದಿದೆ. ಕಂತಿನ ಡೋರೆಮಾನ್ ಬೈಯುತ್ತಾನೆ, ಬೇಸರಪಡುತ್ತಾನೆ, ಸಿಹಿ ಹೂರಣದ ದೋರಾಯಾಕಿಗೆ ಸೋಲುತ್ತಾನೆ, ಆದರೂ ಇದ್ದಾನೆ. ಯಾಕೆ ಇದ್ದಾನೆ ಎಂದು ಯಾವ ಮಗುವೂ ಕೇಳುವುದಿಲ್ಲ, ಅಜ್ಜಿ ಯಾಕೆ ಇದ್ದಾಳೆ ಎಂದು ಕೇಳದ ಹಾಗೆ. ಚಿತ್ರ ಆ ಇರುವಿಕೆಗೆ ಕರಾರನ್ನು ಬರೆದುಕೊಟ್ಟಿದೆ. ಸ್ನೇಹವೆಂಬುದು ಮುಗಿಸಬೇಕಾದ ಕೆಲಸವಾಯಿತು, ಆ ಕೆಲಸ ಮುಗಿದುದರ ಗುರುತು ಮದುವೆಯಾಯಿತು. ಅಗಲಿಕೆಯ ಹಿಂದಿನ ರಾತ್ರಿ ನೊಬಿತಾ ಒಬ್ಬನೇ ಜಿಯಾನ್‌ನೊಡನೆ ಹೊಡೆದಾಡಿ, ಬಿದ್ದು ಎದ್ದು ಮತ್ತೆ ಬಿದ್ದು, ಬಿಡದೆ ಸೋಲಿಸುವ ದೃಶ್ಯ ಚಿತ್ರದಲ್ಲೂ ಎದೆಗೆ ತಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಆ ಬಲ ಚಿತ್ರದ್ದಲ್ಲ, 1974ರ ಆ ಕೆಲವೇ ಪುಟಗಳದು.

ಆ ಪುಟಗಳ ಪ್ರಕಟಣೆಯ ಇತಿಹಾಸ ಇಲ್ಲಿ ಅತ್ಯಂತ ಪ್ರಸ್ತುತವಾದುದು. ಫುಜಿಮೊಟೊ ಡೋರೆಮಾನ್‌ಗೆ ಒಂದಲ್ಲ, 1971, 1972 ಮತ್ತು 1974ರಲ್ಲಿ ಮೂರು 'ಕೊನೆಯ ಕಥೆ'ಗಳನ್ನು ಬರೆದಿದ್ದಾರೆ, ಮೂರೂ ಶಾಲಾವರ್ಷ ಮುಗಿಯುವ ಮಾರ್ಚ್ ಸಂಚಿಕೆಗಳಲ್ಲಿ. ತರಗತಿಗೊಂದು ಪತ್ರಿಕೆ ಇದ್ದುದರಿಂದ ಮಕ್ಕಳು ಮೇಲಿನ ತರಗತಿಗೆ ಹೋದಂತೆ ಪತ್ರಿಕೆಯನ್ನೂ ಬದಲಿಸುತ್ತಿದ್ದರು. ಡೋರೆಮಾನ್ ಬೀಳ್ಕೊಂಡದ್ದು ಆ ಓದುಗರಿಂದ. ಅದೇ ತಿಂಗಳು ಇತರ ಪತ್ರಿಕೆಗಳಲ್ಲಿ ಚಿಕ್ಕ ಮಕ್ಕಳೊಡನೆ ಅವನು ಎಂದಿನಂತೆ ಆಡುತ್ತಿದ್ದ. ಕಥೆ ಮುಗಿಯುವುದಿಲ್ಲ, ಒಬ್ಬ ಕೇಳುಗನ ಪಾಲಿನ ಕಥೆ ಮುಗಿಯುತ್ತದೆ. ಮೌಖಿಕ ಪರಂಪರೆಯಲ್ಲಿ ಅಂತ್ಯ ಎಂಬುದಕ್ಕೆ ಇರುವ ಅರ್ಥ ಇದೇ. 1974ರ ಮಾರ್ಚ್‌ನಲ್ಲಿ ಮೂರನೆಯ ತರಗತಿಯ ಪತ್ರಿಕೆಯಲ್ಲಿ 'ಹೋಗಿ ಬರುತ್ತೇನೆ' ಎಂದವನು ಏಪ್ರಿಲ್‌ನಲ್ಲಿ ನಾಲ್ಕನೆಯ ತರಗತಿಯ ಪತ್ರಿಕೆಯಲ್ಲಿ ಅದೇ ಮಕ್ಕಳಿಗೆ ಮತ್ತೆ ಸಿಕ್ಕ. ಹೇಳಿದ್ದೆಲ್ಲ ಸುಳ್ಳಾಗುವ ಔಷಧವನ್ನು ಕುಡಿದ ನೊಬಿತಾ, ಡೋರೆಮಾನ್ ಇನ್ನು ಬರುವುದೇ ಇಲ್ಲ ಎಂದು ಅಳುತ್ತಾ ಆಡಿದ ಮಾತೇ ಅವನನ್ನು ಕರೆತರುತ್ತದೆ. ದುಃಖದ ವಾಕ್ಯವೇ ಮಂತ್ರವಾಗುವ ಈ ಯುಕ್ತಿ ಯಾವ ಜನಪದ ಕಥೆಗಾರನೂ ಅಸೂಯೆಪಡುವಂಥದು.

ಅಗಲಿಕೆಗೂ ಮರಳುವಿಕೆಗೂ ನಡುವೆ ಆ ಮಕ್ಕಳಿಗೆ ಒಂದು ತಿಂಗಳಿತ್ತು. ಹಳೆಯ ತರಗತಿ ಮುಗಿದು ಹೊಸದು ತೊಡಗುವ ತಿಂಗಳು. ಡೋರೆಮಾನ್ ಇಲ್ಲದ ಲೋಕವನ್ನು ಅವರು ತಮ್ಮ ಮನೆಯಲ್ಲಿ, ತಮ್ಮ ಕಾಲದಲ್ಲಿ ಅನುಭವಿಸಿದರು. ಚಲನಚಿತ್ರದಲ್ಲಿ ಆ ತಿಂಗಳು ಕೆಲವು ನಿಮಿಷಗಳಾಗಿದೆ. ಕರವಸ್ತ್ರ ಒದ್ದೆಯಾಗುವಷ್ಟರಲ್ಲಿ ಸಂತೋಷದ ವಾದ್ಯ ನುಡಿಯುತ್ತದೆ. ಅಳುವವರೂ ಬದಲಾಗಿದ್ದಾರೆ. ಮೂಲದಲ್ಲಿ ಅತ್ತದ್ದು ಬೆಳೆಯುತ್ತಿರುವ ಮಗು, ಇಲ್ಲಿ ಅಳುವುದು ಬೆಳೆದು ಮುಗಿದ ಪ್ರೌಢ. ಅವನಿಗೆ ಕಥೆ ಮುಗಿಯಬೇಕಾಗಿದೆ, ಏಕೆಂದರೆ ಅವನ ಬಾಲ್ಯ ಮುಗಿದಿದೆ. ತನ್ನ ಅಂತ್ಯವನ್ನು ಅವನು ಮಗುವಿನ ಕಥೆಯ ಮೇಲೆ ಹೇರಿದ್ದಾನೆ. 2020ರಲ್ಲಿ ಈ ಚಿತ್ರದ ಎರಡನೆಯ ಭಾಗ ಬಂದದ್ದು ಆ ಅಂತ್ಯವೂ ಎಷ್ಟು ಗಟ್ಟಿ ಎಂಬುದನ್ನು ತಾನಾಗಿ ಹೇಳುತ್ತದೆ.

ಭಾರತದ ಮಗುವಿನ ಅನುಭವ ಮಾತ್ರ ಇದಕ್ಕೆ ಪೂರ್ತಿ ಹೊಂದುವುದಿಲ್ಲ. 2005ರಿಂದ ಹಂಗಾಮಾ ವಾಹಿನಿಯಲ್ಲಿ ಹಿಂದಿ ದನಿಯಲ್ಲಿ ಬಂದ ಡೋರೆಮಾನ್ ಕನ್ನಡದ ಮಕ್ಕಳಿಗೂ ಪರಿಚಯವಾದದ್ದು ಬಹುಮಟ್ಟಿಗೆ ಆ ಭಾಷೆಯಲ್ಲೇ. 2009ರಲ್ಲಿ ಚಿಂಟು ಟಿ.ವಿ. ಬಂದ ಮೇಲೆ ಕನ್ನಡ ಮಾತಾಡುವ ಕಾರ್ಟೂನುಗಳು ದೊರೆತರೂ ನೊಬಿತಾನ ಗೋಳು ಹಿಂದಿಯದಾಗಿಯೇ ಉಳಿಯಿತು, ತಲೆಯ ಮೇಲಿನ ರೆಕ್ಕೆ 'ಬ್ಯಾಂಬೂ ಕಾಪ್ಟರ್' ಆಗಿಯೇ ಮಕ್ಕಳ ಬಾಯಲ್ಲಿ ನಿಂತಿತು. ಅದರ ಚಲನಚಿತ್ರಗಳನ್ನೂ ಇಲ್ಲಿನ ಮಕ್ಕಳು ನೋಡಿದ್ದು ಬಹುತೇಕ ಟಿ.ವಿ.ಯಲ್ಲೇ, ರಜೆಯ ಮಧ್ಯಾಹ್ನಗಳಲ್ಲಿ, ಬಿಸ್ಕತ್ತಿನ ಜಾಹೀರಾತುಗಳ ನಡುವೆ ತುಂಡುತುಂಡಾಗಿ, ಅರ್ಧದಿಂದ ಅಥವಾ ಅರ್ಧದವರೆಗೆ, ಹತ್ತಾರು ಸಲ. ಜಪಾನಿನಲ್ಲಿ ಜಾತ್ರೆಯಾದದ್ದು ಇಲ್ಲಿ ಮತ್ತೆ ಸಾಲಾಯಿತು. ಚಿತ್ರ ಮುಗಿದ ಅರ್ಧ ಗಂಟೆಯೊಳಗೆ ಅದೇ ವಾಹಿನಿಯಲ್ಲಿ ಎಂದಿನ ಕಂತು ತೊಡಗುತ್ತದೆ. ಈಗಷ್ಟೇ ಮದುವೆಯ ಭವಿಷ್ಯವನ್ನು ಕಂಡುಬಂದ ನೊಬಿತಾ ಸೊನ್ನೆ ಅಂಕದ ಉತ್ತರಪತ್ರಿಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಾನೆ, ಮೇಲಿನ ಕೋಣೆಯಲ್ಲಿ ಡೋರೆಮಾನ್ ದೋರಾಯಾಕಿ ತಿನ್ನುತ್ತಿದ್ದಾನೆ.